ಕೆಟ್ಟ ಸುದ್ದಿ ಹೇಳುವವಳು

ಫುಟ್‌ಬಾಲ್ ಚೆಂಡಿಗೆ ಪಂಪಿನ ಸೂಜಿ ಚುಚ್ಚಿದಾಗ ಬರುವ ಆ ಸಣ್ಣ ಸುಸ್ ಸದ್ದು, ರಬ್ಬರಿನ ವಾಸನೆ, ಸಾಮಾನಿನ ಕೋಣೆಯ ಕಿಟಕಿಯಾಚೆ ಹುಡುಗಿಯರು ಮೈದಾನ ಸುತ್ತುವ ಧಪಧಪ — ಇನ್ನೂ ನಾಲ್ಕು ಚೆಂಡಿಗೆ ಗಾಳಿ ತುಂಬಬೇಕು, ತಾನು ಹೆಡ್ ಕೋಚ್ ಆದಮೇಲೆ ಈ ಕೆಲಸ ಇನ್ಯಾರಾದರೂ ಮಾಡಲಿ ಎಂದು ಹೋದ ವಾರವಷ್ಟೇ ಅಂದುಕೊಂಡಿದ್ದಳಲ್ಲ, ಅಂದುಕೊಂಡು ಒಬ್ಬಳೇ ನಕ್ಕೂ ಇದ್ದಳಲ್ಲ, ಒತ್ತು, ಪಂಪು ಒತ್ತು. ಪ್ರಿನ್ಸಿಪಾಲರು ಕುರ್ಚಿ ತೋರಿಸಿ ಕೂತ್ಕೊಳ್ಳಿ ಅಂದಾಗಲೇ ತಿಳಿಯಬೇಕಿತ್ತು, ಒಳ್ಳೆಯ ಸುದ್ದಿಯನ್ನು ಯಾರೂ ಕೂರಿಸಿ ಹೇಳುವುದಿಲ್ಲ, ನಿಂತಲ್ಲೇ ಕೈಕುಲುಕಿ ಹೇಳುತ್ತಾರೆ — ಹೆಡ್ ಕೋಚ್ ಸರ್ ರಿಟೈರ್ ಆದ್ರು, ನೀವು ಎಷ್ಟು ದುಡಿದಿದೀರ ಅಂತ ನಮಗೆಲ್ಲಾ ಗೊತ್ತು, ಆದ್ರೆ ಕಮಿಟಿಯವರಿಗೆ ಹೊಸ ಮುಖ ಬೇಕಂತೆ, ಬಂದಿರೋಳು ನಿಮ್ಮ ಶಿಷ್ಯೆನೇ ಅಲ್ವಾ, ನಿಮಗೂ ಹೆಮ್ಮೆ — ಹೌದು ಸರ್, ಹೆಮ್ಮೆ, ಅಂದಿದ್ದಳು, ಅಂದು ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿಟ್ಟು ಬಂದಿದ್ದಳು, ಕುರ್ಚಿ ಸರಿಸಿಡುವ ಚಾಳಿ, ಎತ್ತಿಡುವ, ಒರೆಸಿಡುವ, ಮಡಚಿಡುವ ಚಾಳಿ. ಮನೆಯಲ್ಲಿ ಅಮ್ಮ, ಏನಾಯ್ತೇ, ಹೇಳಿದ್ರಾ, ಅಂದರೆ ಅತ್ತಿಗೆ ಅಡುಗೆಮನೆಯಿಂದಲೇ, ಅತ್ತೆ ಸುಮ್ನಿರಿ, ಮುಖ ನೋಡಿದ್ರೆ ಗೊತ್ತಾಗಲ್ವಾ. ಅದೇ ಅತ್ತಿಗೆ ಪಕ್ಕದ ಮನೆಯವರಿಗೆ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು — ನಮ್ಮ ನಾದಿನಿಗೆ ಕಾಲೇಜಲ್ಲಿ ಚೆಂಡು ಎತ್ತಿಡೋ ಕೆಲಸ ರೀ — ಸುಳ್ಳೇನಲ್ಲ, ಇಗೋ ಎತ್ತಿಡುತ್ತಿದ್ದೇನೆ ನೋಡು.

ಎತ್ತಿಡುವುದು ಚೆಂಡೊಂದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಮೈದಾನದ ಎಡಬದಿಯಲ್ಲಿ ಗಾಳಿಯ ಹಾಗೆ ಓಡುತ್ತಿದ್ದವಳು ಇವಳು, ಆಟ ಮುಗಿದ ವಯಸ್ಸಿಗೆ ಇಲ್ಲಿ ಅಸಿಸ್ಟೆಂಟ್ ಕೋಚ್ ಆಗಿ ಬಂದು ಸೇರಿದ ಮೊದಲ ದಿನವೇ ಸರ್ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು, ನೋಡಮ್ಮಾ, ಒಳ್ಳೇದು ನಾನು ಹೇಳ್ತೀನಿ, ಕೆಟ್ಟದ್ದು ನೀನು ಹೇಳು, ಹೆಣ್ಮಕ್ಕಳಿಗೆ ಹೆಂಗಸರೇ ಹೇಳಿದ್ರೆ ಚೆನ್ನ. ಗೆದ್ದ ದಿನ ಹಾರ ಸರ್ ಕೊರಳಿಗೆ, ಎಲ್ಲರೂ ಹತ್ತಿರ ಬನ್ನಿ ಎಂದು ಕ್ಯಾಮೆರಾ ಹಿಡಿಯುವವಳು ಇವಳು, ಗೋಡೆಯ ಮೇಲಿನ ಯಾವ ಫೋಟೋದಲ್ಲೂ ಇವಳಿಲ್ಲ. ತಂಡದಿಂದ ತೆಗೆಯುವ ದಿನ ಮಾತ್ರ ಇವಳೇ ಮುಂದೆ. ಆ ಕೆಲಸದಲ್ಲಿ ಕೈ ಪಳಗಿತು, ಕಣ್ಣು ನೋಡಬಾರದು, ಎರಡು ಹುಬ್ಬಿನ ನಡುವೆ ನೋಡಬೇಕು, ಒಂದೇ ಉಸಿರಿಗೆ ಹೇಳಬೇಕು, ಬೆನ್ನು ಒಮ್ಮೆ ತಟ್ಟಬೇಕು, ಅಳು ಶುರುವಾಗುವ ಮೊದಲೇ ಬಾಗಿಲು ದಾಟಿರಬೇಕು. ಹುಡುಗಿಯರು ಹಿಂದಿನಿಂದ ಕತ್ತರಿ ಅನ್ನುತ್ತಾರೆ, ಬಂದ್ಳು ಕಣ್ರೇ ಕತ್ತರಿ, ಅನ್ನಲಿ, ಸರ್ ಹೋದಮೇಲೆ ಕುರ್ಚಿ ತನ್ನದು, ಆಗ ಕತ್ತರಿ ಇನ್ನೊಬ್ಬಳ ಕೈಗೆ, ಅಷ್ಟು ನಂಬಿಕೊಂಡೇ ಇಷ್ಟು ವರ್ಷ — ಬಾಗಿಲಲ್ಲಿ ನೆರಳು. ಹೊಸ ಹೆಡ್ ಕೋಚ್. ಇದೇ ಕೋಣೆಯಲ್ಲಿ ಇದೇ ಬೆಂಚಿನ ಮೇಲೆ ಕೂರಿಸಿ ಈ ಶಿಷ್ಯೆಯ ಕಾಲಿಗೆ ಎಷ್ಟು ಸಲ ಪಟ್ಟಿ ಸುತ್ತಿದ್ದೇನೆ, ಆಗ ಮೇಡಂ ಮೇಡಂ ಎಂದು ಹಿಂದೆ ಹಿಂದೆ ಸುತ್ತುತ್ತಿದ್ದಳು, ಈಗಲೂ ಮೇಡಂ ಅನ್ನುತ್ತಾಳೆ, ಕುರ್ಚಿ ಎಳೆದು ಕಾಲ ಮೇಲೆ ಕಾಲು ಹಾಕಿ ಕೂತು ಅನ್ನುತ್ತಾಳೆ — ಮೇಡಂ, ನಾಳೆ ಫೈನಲ್‌ಗೆ ಕ್ಯಾಪ್ಟನ್ ಬೇಡ, ಸಬ್‌ಸ್ಟಿಟ್ಯೂಟ್ ಅಂತ ಬೆಂಚಲ್ಲೂ ಬೇಡ, ನೀವೇ ಹೇಳ್ಬಿಡಿ, ನಿಮ್ಮ ಮಾತಾದ್ರೆ ಕೇಳ್ತಾಳೆ. ಯಾಕೆ, ಅಂದಳು ಇವಳು. ಯಾಕೆ ಅಂತ ನಿಮಗೇ ಗೊತ್ತಲ್ಲ. ಗೊತ್ತು. ಕ್ಯಾಪ್ಟನ್ ಹುಡುಗಿ ನಾಲ್ಕು ಜನರನ್ನು ಕಟ್ಟಿಕೊಂಡು ಪ್ರಿನ್ಸಿಪಾಲರ ಹತ್ತಿರ ಹೋಗಿದ್ದಳು, ನಮ್ಮ ಮೇಡಂನೇ ಹೆಡ್ ಕೋಚ್ ಮಾಡಿ ಸರ್, ಅವರಿಲ್ದೆ ನಾವಿಲ್ಲ, ಅಂದಿದ್ದಳಂತೆ, ಅತ್ತೂ ಇದ್ದಳಂತೆ. ಏನಾದ್ರೂ ಒಂದು ಕಾರಣ ಹೇಳಿ ಮೇಡಂ, ಅಂದಳು ಹೊಸ ಕೋಚ್, ನಿಮಗೆ ಹೇಳ್ಕೊಡಬೇಕಾ, ಅಂದ ಹಾಗೆ ನಿಮ್ಮನ್ನ ಮುಂದುವರಿಸ್ಲೇಬೇಕು ಅಂತ ಕಮಿಟಿಗೆ ನಾನೇ ಹೇಳಿದೀನಿ. ಹೇಳಿ ಎದ್ದು ಹೋದಳು, ಎಳೆದ ಕುರ್ಚಿಯನ್ನು ಅಲ್ಲೇ ಬಿಟ್ಟು.

ಆಗಲ್ಲ ಅನ್ನಬಹುದಿತ್ತು, ಈಗಲೂ ಅನ್ನಬಹುದು, ಹಿಂದೆ ಓಡಿ ಹೋಗಿ ಪಂಪನ್ನು ಅವಳ ಕಾಲ ಬುಡದಲ್ಲಿ ಎಸೆದು, ನೀನೇ ಹೇಳ್ಕೋ ಹೋಗು — ಆದರೆ ಕಾಲು ಆಗಲೇ ಬಟ್ಟೆ ಬದಲಿಸುವ ಕೋಣೆಯ ಕಡೆ ತಿರುಗಿದೆ, ಮತ್ತು ಒಳಗೆ ಏನೋ ಉರಿಯುತ್ತಿದೆ, ಆ ಉರಿ ಹೊಸ ಕೋಚ್ ಮೇಲಲ್ಲ, ಕ್ಯಾಪ್ಟನ್ ಮೇಲೆ, ಯಾರು ಹೇಳಿದ್ದರು ಇವಳಿಗೆ ನನ್ನ ಪರವಾಗಿ ಹೋಗಿ ಅಳು ಅಂತ, ಇಡೀ ಕಾಲೇಜಿನ ಎದುರು ನನ್ನನ್ನು ಪಾಪದವಳನ್ನಾಗಿ ಮಾಡಿಟ್ಟಳಲ್ಲ, ಇವಳ ಕರುಣೆ ಯಾರಿಗೆ ಬೇಕಿತ್ತು. ಓಟ ಮುಗಿಸಿ ಕ್ಯಾಪ್ಟನ್ ಒಬ್ಬಳೇ ಒಳಗೆ ಬಂದಿದ್ದಾಳೆ, ಮುಖ ಕೆಂಪಗೆ, ಮೇಡಂ, ನಾಳೆ ಅಪ್ಪನೂ ಬರ್ತಿದಾರೆ, ನನ್ನಾಟ ಒಂದ್ಸಲನೂ ನೋಡಿಲ್ಲ ಅವರು — ಹುಬ್ಬುಗಳ ನಡುವೆ ನೋಡು, ಒಂದೇ ಉಸಿರು — ನಾಳೆ ನೀನು ಆಡ್ತಿಲ್ಲ. ಹುಡುಗಿ ನಕ್ಕಳು, ತಮಾಷೆ ಅಂದುಕೊಂಡು. ಬೆಂಚಲ್ಲೂ ಇಲ್ಲ. ನಗು ಹಾಗೇ ಮುಖದ ಮೇಲೆ ಉಳಿಯಿತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ. ಯಾಕೆ ಮೇಡಂ. ಯಾವ ಕಾರಣವಾದರೂ ಆಗುತ್ತಿತ್ತು, ಎದುರು ತಂಡದವರು ಎತ್ತರ ಇದ್ದಾರೆ, ಹೊಸ ಕೋಚ್ ಯೋಚನೆ ಬೇರೆ ಇದೆ, ಹೀಗೆ ಏನಾದರೂ, ಆದರೆ ಬಾಯಿಗೆ ಬಂದದ್ದು ಅದೇ, ಈ ಹುಡುಗಿಯ ಮಂಡಿಯ ಆಪರೇಷನ್ ಆದಮೇಲೆ ಪ್ರತಿ ಬೆಳಿಗ್ಗೆ ಜೊತೆಗೆ ಮೈದಾನ ಸುತ್ತುವಾಗ ಅವಳು ಬೇರೆ ಯಾರಿಗೂ ಹೇಳದೆ ಇವಳೊಬ್ಬಳಿಗೇ ಹೇಳಿಕೊಂಡಿದ್ದ ಹೆದರಿಕೆ, ಮೇಡಂ ನಾನು ಮೊದಲಿನ ಹಾಗೆ ಆಗ್ತೀನಾ — ಅದನ್ನೇ ಹೆಕ್ಕಿ ತೆಗೆದು ತಣ್ಣಗೆ ಹೇಳಿದಳು, ನೀನು ಮೊದಲಿನ ಹಾಗಿಲ್ಲ ಕಣೇ, ಇನ್ಮೇಲೆ ಆಗೋದೂ ಇಲ್ಲ, ಯಾರಾದ್ರೂ ಹೇಳ್ಲೇಬೇಕಲ್ಲ. ಹಸಿ ಸುಳ್ಳು. ತಂಡದಲ್ಲಿ ಈ ಹುಡುಗಿಯ ಸಮಕ್ಕೆ ಓಡುವವರು ಯಾರಿದ್ದಾರೆ. ಸುಳ್ಳು ನಾಟಿದ್ದು ಕಣ್ಣಿಗೆ ಕಂಡಿತು, ಕಂಡು ಎದೆಯೊಳಗೆ ಹಿತವಾಗಿ ಏನೋ ಹರಿಯಿತು, ಅಯ್ಯೋ, ಹಿತವಾಗಿಯೇ. ಈಗ ಬೆನ್ನು ತಟ್ಟಿ ಬಾಗಿಲು ದಾಟಬೇಕು. ಹುಡುಗಿ ಅಳಲಿಲ್ಲ, ಅತ್ತಿದ್ದರೆ ದಾಟಿಬಿಡಬಹುದಿತ್ತು. ನೀವು ಹೇಳಿದ್ರೆ ನಿಜನೇ ಇರುತ್ತೆ ಮೇಡಂ, ಅಂದಳು, ಅಂದು ಬಗ್ಗಿ ಬೂಟಿನ ಲೇಸಿಗೆ ಕೈಹಾಕಿದಳು, ಒದ್ದೆ ಲೇಸು, ಎರಡು ಸುತ್ತಿನ ಗಂಟು, ಬಿಡುತ್ತಿಲ್ಲ, ಉಗುರಿನಿಂದ ಎಳೆಯುತ್ತಾಳೆ, ಗಂಟು ಇನ್ನೂ ಬಿಗಿಯುತ್ತದೆ, ಎಷ್ಟೋ ಹುಡುಗಿಯರ ಇಂಥ ಗಂಟನ್ನು ಮೊಣಕಾಲೂರಿ ಕೂತು ಚಿಟಿಕೆಯಲ್ಲಿ ಬಿಚ್ಚಿದ ಕೈ ತನ್ನದು, ಬಗ್ಗಿದರೆ ಸಾಕು — ಹೊರಗೆ ಹೊಸ ಕೋಚ್ ಸೀಟಿ ಊದುತ್ತಿದ್ದಾಳೆ, ಮೇಡಂ, ಚೆಂಡು ತನ್ನಿ — ಕೈ ಏಳುವುದಿಲ್ಲ, ಕಾಲೂ ಏಳುವುದಿಲ್ಲ, ಲೇಸಿನ ಮೇಲೆ ಆ ಉಗುರು, ಉಗುರಿನ ಬುಡದಲ್ಲಿ ರಕ್ತ ಜಿನುಗುತ್ತಿದೆ, ಗಂಟು ಬಿಡುತ್ತಿಲ್ಲ, ಉಗುರು, ಗಂಟು, ಮತ್ತೆ ಉಗುರು