ಮೋಹಿನಿಯ ನಾಟಿ ಪದಗಳು

ನನ್ನ ವಾರಗಿತ್ತಿ ಮೋಹಿನಿಗೆ ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಯಿತು. ಅದಕ್ಕೂ ಮುಂಚೆ ನಾವಿಬ್ಬರೂ ಹೇಳಿದ್ದ, ಪೈರು ನೆಡುವಾಗ ಹಾಡುವ ನಲವತ್ತೆರಡು ನಾಟಿ ಪದಗಳನ್ನು ಮದ್ದೂರಿನ ಮುಕ್ತ ತಂತ್ರಾಂಶ ಬಳಗದವರು ರೆಕಾರ್ಡು ಮಾಡಿ ತಮ್ಮ ವೆಬ್‌ಸೈಟಿಗೆ ಹಾಕಿದ್ದರು. ಬಳಗದ ಯತೀಶನ ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿ ಕೆಟ್ಟುಹೋಯಿತು. ಅವಳ ದನಿ ಉಳಿದದ್ದು ಆ ಸೈಟಿನಲ್ಲಿ ಮಾತ್ರ.

ಯತೀಶ ನಮ್ಮೂರು ಕೊಪ್ಪದ ಹೆಂಗಸರಿಗೆ ಭಾನುವಾರ ಕಂಪ್ಯೂಟರು ಹೇಳಿಕೊಡುವವನು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವೆಂದರೆ ಮುಯ್ಯಾಳಿದ್ದ ಹಾಗೆ ಎಂದು ಅವನು ಹೇಳಿದ ಮೇಲೇ ಅದು ನನ್ನ ತಲೆಗೆ ಹತ್ತಿದ್ದು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಯಾರೂ ಯಾರಿಗೂ ಧಣಿಯಲ್ಲ.

ಹೋದ ತಿಂಗಳು ಒಂದು ಭಾನುವಾರ ಅವನು ಪಾಠಕ್ಕೆ ಮುಖ ಸಣ್ಣಗೆ ಮಾಡಿಕೊಂಡು ಬಂದ.

“ಅಂಕಮ್ಮಜ್ಜಿ, ನಮ್ಮ ಸೈಟು ನಡೆಸೋ ಕಂಪನಿಯವ್ರು ಈ ಮೂವತ್ತಕ್ಕೆ ಬಾಗಿಲಾಕ್ತಾರಂತೆ. ಬರವಣಿಗೆ ಬೇಕಾದ್ರೆ ತಗೊಂಡೋಗಿ ಅಂತಾರೆ, ನೀವು ಏಳಿರೋ ಆಡು ಇಳಿಸ್ಕಳಕ್ಕೆ ದಾರಿ ಇಟ್ಟಿಲ್ಲ.”

“ಕಂಪನಿಯವ್ರಾ? ನಮ್ದು ಮುಕ್ತದ್ದಲ್ವೇನ್ಲಾ?”

ಬಳಗದಲ್ಲೇ ಇರುವ ಕಾಲೇಜಿನ ಮೇಡಂ ಮಾಹೀನ್ ತಡೆಯಲಾರದೆ ಹೇಳಿದಳು: “ಕಂಪನಿ ಸೈಟು ಬೇಡ ಅಂತ ಎರಡು ವರ್ಷದಿಂದ ಬಡ್ಕೋತಿದ್ದೀನಿ ಅಜ್ಜಿ. ಇವ್ರು, ‘ಸೈಟು ಯಾವುದರ ಮೇಲಿದ್ರೇನು, ನಮ್ಮ ಮಾತು ಜನಕ್ಕೆ ಮುಟ್ಟಿದ್ರೆ ಸಾಕು’ ಅಂದ್ರು.”

“ಮುಟ್ತಲ್ಲ ಮತ್ತೆ!” ಎಂದ ಯತೀಶ. “ನಾವೇ ನಡೆಸೋಕೆ ಆಳೆಲ್ಲಿದ್ರು? ಇರೋರೇ ಮೂರು ಜನ.”

ನನ್ನ ಜೊತೆ ಕಲಿಯುವ ರಹೀಮುನ್ನೀಸಾ ಕುರ್ಚಿ ತಿರುಗಿಸಿದಳು. “ಊರಿಗೆಲ್ಲ ಮುಯ್ಯಾಳು ಕಟ್ಟಿ ಅಂತ ಏಳ್ಬುಟ್ಟು, ನಿನ್ನ ಗದ್ದೆಗೆ ಕಂಪನಿ ಆಳು ಕರೆದ್ಯಾ? ಒಂದು ಮಾತು ಕೂಗಿದ್ರೆ ನಾವು ಬತ್ತಿರ್ಲಿಲ್ವಾ?”

ಮನೆಗೆ ಹೋಗಿ ಮೋಹಿನಿಗೆ ಏನು ಹೇಳಲಿ?

“ಮೂವತ್ತರ ಗಂಟ ಆಡು ಕೇಳಿಸ್ತದಾ?” ಎಂದೆ.

“ಕೇಳಿಸ್ತದೆ.”

“ಕೇಳಿಸೋದನ್ನ ಇಡ್ಕೊಳಕ್ಕಾಗಕಿಲ್ವಾ?”

ಮಾಹೀನ್ ಎದ್ದು ನಿಂತಳು. “ಆಗ್ತದೆ! ಹಾಡು ನಡೀತಿರುವಾಗಲೇ ಕಂಪ್ಯೂಟರಿನೊಳಗೆ ರೆಕಾರ್ಡು ಮಾಡ್ಕೋಬೋದು. ಆದ್ರೆ ಒಂದೊಂದನ್ನೂ ಕೊನೇವರೆಗೂ ಕೂತು ಕೇಳ್ಬೇಕು.”

“ಕೂತ್ಕೊಳೋದೇನು ಮಹಾ! ಬಗ್ಗಿ ನಾಟಿ ಆಕಿರೋ ಸೊಂಟ ಇವು.”

ಮುಂದಿನ ಭಾನುವಾರ ಏಳು ಜನ ಏಳು ಕಂಪ್ಯೂಟರಿನ ಮುಂದೆ ಸಾಲು ಹಿಡಿದೆವು. ನಮ್ಮ ಸಾಲಿನ ಕುಸುಮ ಒಂದು ಹಾಡನ್ನು ಸೇವ್ ಮಾಡದೆ ಮುಚ್ಚಿಬಿಟ್ಟಳು. ಯಾರೂ ಬೈಯಲಿಲ್ಲ, ಮೊದಲಿಂದ ಹಿಡಿದಳು. ಮೂರೂವರೆಗೆ ನಲವತ್ತೆರಡೂ ಕೈಗೆ ಬಂದವು. ಮಾಹೀನ್ ಮುಕ್ತ ತಂತ್ರಾಂಶದಲ್ಲೇ ಹೊಸ ಸೈಟು ಕಟ್ಟಿದಳು. ಅದನ್ನು ನೋಡಿಕೊಳ್ಳಲು ವಾರಕ್ಕೊಬ್ಬರಂತೆ ಸರದಿಯಾಯಿತು. ಮೊದಲನೇ ಸರದಿಗೆ ಹೆಸರು ಕೊಟ್ಟವನು ಯತೀಶ.

ಆ ಸಂಜೆ ಹೊಸ ಸೈಟಿನಿಂದಲೇ ಮೋಹಿನಿಗೆ ಹಾಡು ಕೇಳಿಸಿದೆ. ಅವಳ ದನಿ ಗದ್ದೆ ಬಯಲಿನಲ್ಲಿ ಎದ್ದ ಹಾಗೇ ಎದ್ದಿತು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದವಳು, ಅವತ್ತು ಹಾಡುವಾಗ ನಡುವೆ ನಾನು ಒಂದು ಸಾಲು ಮರೆತು ನುಂಗಿದ್ದ ಜಾಗ ಬಂದ ತಕ್ಷಣ, ನನ್ನ ತೊಡೆ ಚಿವುಟಿ ಮೈ ಕುಲುಕಿಸಿ ನಕ್ಕಳು.