ಕವಳಿ ಕಂಟಿಯ ನೆರಳಲ್ಲಿ

ಹೊನವಾಡದ ತಮ್ಮ ಕಲ್ಲು ಮಡ್ಡಿ ನೆಲಕ್ಕೆ ಜೆಸಿಬಿ ಬಂದಿದೆ ಎಂದು ಪೀರಾಂಬಿ ಚಿಕ್ಕಮ್ಮ ಫೋನು ಮಾಡಿದಾಗ ಸಾಯಿರಾ ಜಲನಗರದ ಮನೆಯಿಂದ ಕಾಲೇಜಿಗೆ ಪಾಠ ಹೇಳಲು ಹೊರಟಿದ್ದಳು. ರಜೆ ಹೇಳಿ, ಸ್ಕೂಟಿಯನ್ನು ತಿಕೋಟಾ ದಾರಿಗೆ ತಿರುಗಿಸಿದಳು.

ಪ್ರಾಣಿಶಾಸ್ತ್ರ ಓದುವಾಗ ಅವಳು ಕಡಲದಂಡೆಯ ಮರಳುದಿಬ್ಬಗಳಲ್ಲಿ ಓತಿಕ್ಯಾತಗಳ ಹಿಂದೆ ಅಲೆದವಳು. ಅಲ್ಲಿ ದಿಬ್ಬವನ್ನು ಒಂದು ಕಡೆಯಿಂದ ಕಡಲು ತಿನ್ನುತ್ತಿತ್ತು, ಇನ್ನೊಂದು ಕಡೆಯಿಂದ ರಸ್ತೆ, ರೆಸಾರ್ಟು. ಉಳಿದ ಮರಳು ಕಾದು ತತ್ತಿಗಳು ಒಳಗೇ ಒಣಗುತ್ತಿದ್ದವು. ಕೊನೆಯ ಬೇಸಿಗೆಯಲ್ಲಿ ಒಂದು ಓತಿಕ್ಯಾತವೂ ಕಾಣಿಸಲಿಲ್ಲ. ಊರಿಗೆ ಬಂದ ಮೇಲೆ, ತಮ್ಮದೇ ಮಡ್ಡಿಯಲ್ಲಿ ಗಂಡು ಓತಿಕ್ಯಾತವೊಂದು ಕಲ್ಲೇರಿ, ಗಂಟಲ ಕೆಳಗಿನ ನೀಲಿ ಕೆಂಪು ಬೀಸಣಿಗೆ ಬಿಚ್ಚಿದ್ದನ್ನು ಕಂಡು ಅಲ್ಲೇ ಕುಳಿತುಬಿಟ್ಟಿದ್ದಳು.

ಈಗ ಅವಳು ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಅರ್ಧ ಮಡ್ಡಿ ಸಪಾಟಾಗಿತ್ತು. ಅವಳ ತಮ್ಮ ಅಕ್ರಮ್, ದ್ರಾಕ್ಷಿ ಹಚ್ಚಲು ನೆಲ ಹದ ಮಾಡಿಸುತ್ತಿದ್ದ.

“ನನಗೊಂದು ಮಾತು ಹೇಳಬಾರದಿತ್ತೇನೋ?”

“ಹೇಳಿದ್ರ ಬ್ಯಾಡ ಅಂತಿದ್ದಿ, ಆಪಾ.”

ಅವನ ಕೈ ಹಿಡಿದು, ಇನ್ನೂ ಅಗೆಯದ ಕಡೆಗೆ ಕರೆದೊಯ್ದಳು. ಮೊದಲ ಮಳೆಗೆ ಮಣ್ಣು ಮೆತ್ತಗಾಗಿತ್ತು. ಮುಳ್ಳುಪೊದೆಯಂಥ ಕವಳಿ ಕಂಟಿಯ ನೆರಳಲ್ಲಿ ಹೆಣ್ಣು ಓತಿಕ್ಯಾತವೊಂದು ಮುಂಗಾಲಿನಿಂದ ಕುಳಿ ತೋಡುತ್ತಿತ್ತು. ಇಬ್ಬರೂ ದೂರದಲ್ಲೇ ಕುಕ್ಕರಗಾಲಲ್ಲಿ ಕುಳಿತರು. ಅದು ತತ್ತಿಯಿಟ್ಟು, ಮಣ್ಣೆಳೆದು ಮುಚ್ಚಿ, ಮೂತಿಯಿಂದ ತಟ್ಟಿ ತಟ್ಟಿ ಸಮ ಮಾಡುವ ತನಕ ಅಕ್ರಮ್ ಅಲುಗಾಡಲಿಲ್ಲ.

“ಕಂಟಿ ತಗದ್ರ ಏನಾಕ್ಕೈತಿ?” ಎಂದು ಮೆಲ್ಲಗೆ ಕೇಳಿದ.

“ನೆರಳು ಹೋಗ್ತೈತಿ. ಈಗಿನ ಬಿಸಿಲಿಗೆ ತತ್ತಿ ಬೇಯ್ತಾವ.”

ಜೆಸಿಬಿ ಇತ್ತಲೇ ಬರುತ್ತಿತ್ತು. ಅಕ್ರಮ್ ಎದ್ದು ಹೋಗಿ ಚಾಲಕನಿಗೆ ಕೈ ಅಡ್ಡ ಹಿಡಿದ. “ಶಿವಲಿಂಗಣ್ಣಾ, ಸಾಕು ನಿಲ್ಲಸ್ರಿ. ಈ ಕಡೆ ಬ್ಯಾಡ.”

“ಮತ್ತ ದ್ರಾಕ್ಷಿ?” ಎಂದಳು ಸಾಯಿರಾ.

“ಆದಷ್ಟು ಅಲ್ಲೇ ಹಚ್ಚತೀನಿ. ಇಲ್ಲಿ ಬರೇ ಕಲ್ಲು ಐತಿ,” ಎಂದ, ಅವಳ ಮುಖ ನೋಡದೆ.

ಆಮೇಲೆ ಮಳೆ ಕೈಕೊಟ್ಟಿತು. ಬಿಸಿಲು ಬೇಸಿಗೆಯಂತೆ ಸುಟ್ಟಿತು. ಕಂಟಿಯೊಂದೇ ಸಾಕಾದೀತೋ ಇಲ್ಲವೋ ಎಂದು ಸಾಯಿರಾ ಒಳಗೊಳಗೇ ಕುದಿದಳು. ಶ್ರಾವಣದ ಒಂದು ಬೆಳಿಗ್ಗೆ ಅಕ್ರಮನೇ ಫೋನು ಮಾಡಿದ.

“ಆಪಾ, ಮರಿ ಹೊರಗ ಬಂದಾವ. ಬೆರಳಿನಷ್ಟೂ ಇಲ್ಲ. ಕಾಲಿಡಾಕ ಅಂಜಿಕಿ ಆಗಾಕತ್ತೈತಿ.”

ಸಾಯಿರಾ ಗೋಡೆಗೆ ಒರಗಿ ನಿಂತು ದೀರ್ಘವಾಗಿ ಉಸಿರು ಬಿಟ್ಟಳು. ನಗು ಬಂತು, ಕಣ್ಣೂ ತುಂಬಿತು.

“ಆ ಕಡೆ ಮೇಯಾಕ ಆಡು ಬಿಟ್ಟೀಯೇನು ಮತ್ತ?”

“ಇಲ್ಲ, ಕಟ್ಟೀನಿ. ನೀ ಬಾ ಮದಲ. ಪೀರಾಂಬಿ ಖಾಲಾ ರೊಟ್ಟಿ ಬಡ್ಯಾಕತ್ತಾಳ.”