ಸತ್ತವರೆಲ್ಲ ಊಟಕ್ಕೆ ಬಂದರು

ನನ್ನ ಗಂಡ ಮೂವತ್ತೆಂಟು ವರ್ಷ ಸಿನಿಮಾದಲ್ಲಿ ಒಳ್ಳೆಯವರಾಗಿದ್ದರು. ಹೆಣ್ಣಿನ ಅಪ್ಪ, ಗಂಡಿನ ಅಪ್ಪ, ಮುಖ್ಯೋಪಾಧ್ಯಾಯ, ನ್ಯಾಯಾಧೀಶ, ಮತ್ತೆ ಹೆಣ್ಣಿನ ಅಪ್ಪ. ಸಿನಿಮಾದಲ್ಲಿ ಒಳ್ಳೆಯವರಿಗೆ ಮಾತು ಕಡಿಮೆ, ನಿಟ್ಟುಸಿರು ಜಾಸ್ತಿ. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡುತ್ತಿದ್ದರು. ಹೆಸರು ಗೊತ್ತಿಲ್ಲದಿದ್ದರೂ ಯಾರದೋ ಮನೆಯ ಹಿರಿಯರೆಂಬಂತೆ ನೋಡುತ್ತಿದ್ದರು. ಇವರು ಅದನ್ನೇ ಪ್ರಶಸ್ತಿ ಎಂದುಕೊಂಡು ಕೂರುತ್ತಿದ್ದರು.

ಅರವತ್ತಮೂರನೆಯ ವಯಸ್ಸಿಗೆ ಇವರಿಗೆ ಕೊಲೆಗಾರನ ಪಾತ್ರ ಸಿಕ್ಕಿತು. ಬೀದಿಗೆಲ್ಲ ಬೇಕಾದ ಔಷಧಿ ಅಂಗಡಿಯವನು, ಎಲ್ಲರ ಜ್ವರ, ಕೆಮ್ಮು ವಿಚಾರಿಸುವವನು, ಒಳಗೊಳಗೇ ಒಬ್ಬೊಬ್ಬರನ್ನು ಮುಗಿಸುತ್ತಿರುತ್ತಾನೆ. ಗೋಮುಖ ವ್ಯಾಘ್ರ ಅನ್ನುತ್ತಾರಲ್ಲ, ಅದು. ಆ ದಿನ ಇವರು ಕನ್ನಡಿಯ ಮುಂದೆ ನಿಂತು ಮದುಮಗನ ಹಾಗೆ ನಕ್ಕರು. ನಲವತ್ತು ವರ್ಷ ಸಂಸಾರ ಮಾಡಿದ ನನಗೇ ಆ ನಗು ಹೊಸದು.

ನಟರಿಗೆ ಒಂದು ಕೆಟ್ಟ ಚಾಳಿಯಿದೆ. ಮನೆಯಲ್ಲಿರುವುದನ್ನೆಲ್ಲ ಹೊತ್ತುಕೊಂಡು ಹೋಗಿ ಸೆಟ್ಟಿನಲ್ಲಿ ಖರ್ಚು ಮಾಡುತ್ತಾರೆ. ತೀರಿಕೊಂಡ ನಮ್ಮ ಅತ್ತೆಯ ಕೆಮ್ಮು ಇವರ ಮೂರು ಸಿನಿಮಾಗಳಲ್ಲಿದೆ. ನಾನು ಸಿಟ್ಟಿನಲ್ಲಿ ಪಾತ್ರೆ ಕುಕ್ಕುವ ರೀತಿ ಒಬ್ಬ ಪೊಲೀಸ್ ಅಧಿಕಾರಿಯ ಪಾಲಾಗಿದೆ. ಈ ಸಲ ನಿರ್ದೇಶಕ, “ಕೊಲೆಗೆ ಮುಂಚೆ ಏನಾದ್ರೂ ಮಾಡಿ ಸಾರ್, ತುಂಬಾ ಮಾಮೂಲಾಗಿರ್ಬೇಕು, ಮನೇಲಿ ಮಾಡೋ ಥರ” ಅಂದನಂತೆ. ಇವರು ಹಿಂದೆ ಮುಂದೆ ನೋಡದೆ ಮೊಮ್ಮಗಳದನ್ನು ಕೊಟ್ಟುಬಿಟ್ಟರು.

ಮೊಮ್ಮಗಳಿಗೆ ಏಳು ವರ್ಷ. ಗಾತ್ರಕ್ಕೂ ಖಾರಕ್ಕೂ ಸಂಬಂಧವಿಲ್ಲವಾದ್ದರಿಂದ ಅವಳನ್ನು ಮೆಣಸು ಎಂದು ಕರೆಯುತ್ತೇವೆ. ನನ್ನ ಮಗಳು ನರ್ಸು. ಬೆಳಗ್ಗೆ ಆರಕ್ಕೇ ಆಸ್ಪತ್ರೆಗೆ ಹೊರಡುತ್ತಾಳೆ. ಹಾಗಾಗಿ ಮೆಣಸಿನ ತಲೆ ಬಾಚುವುದು ಮೊದಲಿನಿಂದಲೂ ಅಜ್ಜನ ಕೆಲಸ. ಕೈ ತೊಳೆದು, ಕಿರುಬೆರಳಿಂದ ಶುರುಮಾಡಿ ಒಂದೊಂದೇ ಬೆರಳನ್ನು ಟವೆಲಿನಲ್ಲಿ ಒರೆಸಿಕೊಂಡು, “ಶುರು ಮಾಡೋಣ್ವಾ, ಮರೀ?” ಎನ್ನುತ್ತಿದ್ದರು. ಸಿನಿಮಾದಲ್ಲಿ ಪ್ರತಿ ಕೊಲೆಗೂ ಮುಂಚೆ ಅದೇ ಬೆರಳು, ಅದೇ ಟವೆಲು, ಅದೇ ಮಾತು.

ಶಾಲೆಯ ವ್ಯಾನಿನಲ್ಲಿ ಯಾರದೋ ಫೋನಿನಲ್ಲಿ ಟ್ರೇಲರ್ ಓಡಿತು. ಮಾರನೆಯ ಬೆಳಗ್ಗೆ ಇವರು ಟವೆಲು ಕೈಗೆತ್ತಿಕೊಂಡದ್ದೇ ತಡ, ಮಗು ಕಿಟಾರನೆ ಕಿರುಚಿ ಮಂಚದ ಕೆಳಗೆ ನುಗ್ಗಿತು. ಅವತ್ತು ಕೆದರಿದ ತಲೆಯಲ್ಲೇ ಶಾಲೆಗೆ ಹೋದಳು. ಆಮೇಲೆ ಅಜ್ಜನ ಕೈಗೆ ಸಿಗಲೇ ಇಲ್ಲ. ಅವರಿದ್ದ ಕೋಣೆಯಲ್ಲಿ ಬೆನ್ನನ್ನು ಗೋಡೆಗೆ ಆನಿಸಿಕೊಂಡೇ ನಡೆಯುತ್ತಿದ್ದಳು. ಇವರು ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ.  ನನಗೆ ಗಂಡನ ಮೇಲೆ ಕೋಪ ಬರುತ್ತಿತ್ತು.

ಇವರು ಸಮಾಧಾನ ಹೇಳದೆ ಇರಲಿಲ್ಲ. “ಅದು ಆಟ ಕಣೋ ಮರೀ. ಅಜ್ಜ ಯಾರಿಗೂ ಏನೂ ಮಾಡಿಲ್ಲ” ಎಂದರು.

“ಸಿನಿಮಾದಲ್ಲೂ ಪೊಲೀಸ್ನೋರಿಗೆ ಹಾಗೇ ಹೇಳ್ತೀಯ” ಎಂದಳು ಮೆಣಸು.

 ಟ್ರೇಲರಿನಲ್ಲಿ ಇವರು ನಿಜಕ್ಕೂ ಹಾಗೇ ಹೇಳುತ್ತಾರೆ. ಬಹಳ ಚೆನ್ನಾಗಿ ಹೇಳುತ್ತಾರೆ. ಮೆತ್ತಗೆ ಮಾತಾಡಿದರೆ ಇನ್ನೂ ಹೆಚ್ಚು ಕೊಲೆಗಾರನಂತೆ ಕಾಣುತ್ತಿದ್ದರು. ನಕ್ಕರಂತೂ ಕೇಳುವುದೇ ಬೇಡ.

ಹನ್ನೆರಡನೆಯ ದಿನ ಮಗಳು ಅಡುಗೆಮನೆಗೆ ಬಂದು ತಲೆ ತಗ್ಗಿಸಿ ನಿಂತಳು. “ಆಸ್ಪತ್ರೆ ಹತ್ರ ಒಂದು ರೂಮು ನೋಡಿದೀನಮ್ಮ. ಭಾನುವಾರದವರೆಗೂ ಕಾಯ್ತೀನಿ. ಇವಳು ಹೀಗೇ ಇದ್ರೆ ಸೋಮವಾರ ಕರ್ಕೊಂಡು ಹೋಗ್ತೀನಿ. ಅಪ್ಪಂಗೆ ಹೇಳೋಕೆ ನಂಗೆ ಬಾಯಿ ಬರಲ್ಲ, ನೀನೇ ಹೇಳು.”

ಹೇಳಬೇಕಾಗಿ ಬರಲಿಲ್ಲ. ಇವರು ಬಾಗಿಲ ಆಚೆಗೇ ನಿಂತಿದ್ದರು. ಒಳಗೆ ಬಂದು ಬುಟ್ಟಿಯಲ್ಲಿದ್ದ ಆಲೂಗಡ್ಡೆಯನ್ನೆಲ್ಲ ಸುಲಿದು ಹಾಕಿದರು, ಎರಡು ದಿನಕ್ಕೆ ಬೇಕಾಗುವಷ್ಟು.

ಆ ಸಂಜೆ ನಾನು ಮೆಣಸನ್ನು ತೊಡೆಯ ಮೇಲೆ ಕೂರಿಸಿಕೊಂಡು ನೇರವಾಗಿ ಕೇಳಿದೆ. “ಏನು ಮಾಡಿದ್ರೆ ನಂಬ್ತೀಯೇ ತಾಯೀ?”

ಅವಳು ಬೆರಳು ಮಡಿಚಿ ಎಣಿಸಿದಳು. “ಅವರನ್ನೆಲ್ಲ ಕರಿ. ಅಜ್ಜ ಸಾಯಿಸಿದ್ದಾರಲ್ಲ, ನಾಲ್ಕು ಜನ, ಅವರನ್ನ. ನಾನು ಮುಟ್ಟಿ ನೋಡ್ಬೇಕು.”

ನ್ಯಾಯವಾದ ಬೇಡಿಕೆ. ದೊಡ್ಡವರಾದ ನಮಗೇ ಹೊಳೆದಿರಲಿಲ್ಲ. ಫೋನ್ ತೆಗೆದುಕೊಂಡು ಒಬ್ಬೊಬ್ಬರಿಗೇ ಮಾಡಿದೆ. “ಭಾನುವಾರ ಮಧ್ಯಾಹ್ನ ನಮ್ಮನೇಲಿ ಊಟ. ನಮ್ಮನೆಯವರು ಕೊಂದವರಿಗೆ ಮಾತ್ರ.” ಕೊಂದ ಪಾಪ ತಿಂದು ಪರಿಹಾರ ಅನ್ನುತ್ತಾರೆ, ಇಲ್ಲಿ ತಿನ್ನುವವರು ಸತ್ತವರೇ, ಅಷ್ಟೇ ವ್ಯತ್ಯಾಸ.

ಭಾನುವಾರ ಮೊದಲು ಬಂದದ್ದು ಅಂಚೆಯವನ ಪಾತ್ರ ಮಾಡಿದ್ದ ಉದ್ದನೆಯ ಮನುಷ್ಯ. ಮೆಣಸು ಬಾಗಿಲಲ್ಲೇ ತಡೆದು, ಕೊರಳಪಟ್ಟಿ ಬಿಚ್ಚಿಸಿ, ಕುತ್ತಿಗೆಯ ಸುತ್ತ ಗಾಯ ಹುಡುಕಿದಳು. ಸಿಕ್ಕದ್ದು ಒಂದು ನರಹುಲಿ. ಆಮೇಲೆ ಮನೆ ಮಾಲಕಿಯ ಪಾತ್ರದ ಹೆಂಗಸು, “ನಿಮ್ಮ ಗಂಡ ನನ್ನನ್ನ ಮೆಟ್ಟಿಲಿಂದ ನೂಕಿದ್ದಕ್ಕೆ ಸೊಂಟ ಹಿಡ್ಕೊಂಡಿದೆ ಕಣ್ರೀ” ಎಂದು ದೂರುತ್ತಲೇ ಬಂದಳು. ಅವಳ ಹಿಂದೆ ಚದುರಂಗದ ಗೆಳೆಯನ ಪಾತ್ರದವನು, ಇವರ ನಿಜವಾದ ಗೆಳೆಯನೂ ಹೌದು, ಸಿನಿಮಾದಲ್ಲಿ ವಿಷ ಕುಡಿದು ಸತ್ತವನು. ಸತ್ತವರು ಹೊಟ್ಟೆ ಬಿರಿಯೆ ಉಂಡರು. ಮೆಣಸು ಅವರ ನಡುವೆ ಕೂತು, ನುಂಗುವಾಗ ಗಂಟಲು ಅಲುಗುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದಳು. ಇವರು ಮೂಲೆಯ ಕುರ್ಚಿಯಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ನಮ್ಮ ಮಗಳು ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು.

“ನಾಲ್ಕನೇಯೋರು?” ಎಂದಳು ಮೆಣಸು.

ಅಲ್ಲೇ ತೊಡಕಾದದ್ದು. ನಾಲ್ಕನೆಯ ಹೆಣದ ಮುಖ ಸಿನಿಮಾದಲ್ಲಿಲ್ಲ. ಕಿಟಕಿ ಪರದೆಯ ಕೆಳಗೆ ಎರಡು ಬರಿಗಾಲು ಮಾತ್ರ. ಆ ಪಾತ್ರದ ನಟ ಅವತ್ತು ಕೈಕೊಟ್ಟಿದ್ದರಿಂದ ವಸ್ತ್ರ ವಿಭಾಗದ ದರ್ಜಿಯನ್ನೇ ಮಲಗಿಸಿದ್ದರಂತೆ. ದರ್ಜಿಗೆ ಹೇಳಿದ್ದೆ, ಆದರೆ ಎರಡು ಗಂಟೆಯಾದರೂ ಸುಳಿವಿಲ್ಲ. ಮೆಣಸಿನ ಮುಖ ಚಿಕ್ಕದಾಗುತ್ತ ಬಂತು. ಮೆಲ್ಲಗೆ ಬೆನ್ನನ್ನು ಗೋಡೆಯ ಕಡೆಗೆ ಸರಿಸಿದಳು. ಮಗಳು ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಎರಡೂವರೆಗೆ ದರ್ಜಿ ಏದುಸಿರು ಬಿಡುತ್ತ ಬಂದ. “ತಪ್ಪಾಯ್ತಮ್ಮ, ಒಂದು ಜುಬ್ಬದ ತೋಳು ತಲೆಕೆಳಗಾಗಿ ಹೊಲಿದುಬಿಟ್ಟಿದ್ದೆ.” ಮಾತು ಮುಗಿಯುವ ಮುಂಚೆಯೇ ಮೆಣಸು ಅವನ ಕಾಲುಚೀಲ ಎಳೆದು, ಕಿಟಕಿಯ ಪರದೆಯ ಹಿಂದೆ ಮಲಗಿಸಿ, ಪಾದ ಮಾತ್ರ ಹೊರಗಿಡಿಸಿ, ಮೊಣಕಾಲೂರಿ ನೋಡಿದಳು. ಟ್ರೇಲರಿನಲ್ಲಿದ್ದ ಹಾಗೇ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ.

“ಇವರೇ” ಎಂದು ತೀರ್ಪು ಕೊಟ್ಟಳು. ಕೋಣೆಯೆಲ್ಲ ಉಸಿರು ಬಿಟ್ಟಿತು.

ಆದರೆ ಅವಳು ಅಜ್ಜನ ಹತ್ತಿರ ಹೋಗಲಿಲ್ಲ. ನಡುಮನೆಯಲ್ಲೇ ನಿಂತು ಲಂಗದ ಅಂಚು ಹಿಂಡುತ್ತ ಹೇಳಿದಳು. “ಎಲ್ಲರೂ ಬದುಕಿದಾರೆ, ಸರಿ. ಆದ್ರೆ ಸಿನಿಮಾದಲ್ಲಿ ಅಜ್ಜ ಹಾಗೆ ನೋಡಿದ್ರಲ್ಲ? ಆ ಕಣ್ಣು ಎಲ್ಲಿಂದ ಬಂತು?”

 ಮೂರು ಹೆಣಗಳು ತಟ್ಟೆ ನೋಡಿಕೊಂಡವು, ನಾಲ್ಕನೆಯದು ಕಾಲುಚೀಲ ಹಾಕಿಕೊಂಡಿತು. ಕೊನೆಗೆ ಮಾಲಕಿಯ ಪಾತ್ರದವಳೇ ಕೈ ಒರೆಸಿಕೊಂಡು ಎದ್ದಳು. “ನೀನೇ ಮಾಡಿ ನೋಡೇ. ನಮ್ಮನ್ನೆಲ್ಲ ಸಾಯಿಸಿದಾನಲ್ಲ, ನೀನು ಅವನನ್ನ ಸಾಯಿಸು. ಆ ಕಣ್ಣು ನಿಂಗೂ ಬರುತ್ತೋ ಇಲ್ವೋ ನೋಡೇಬಿಡೋಣ.”

ಮೆಣಸು ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ಹುಬ್ಬು ಗಂಟು ಹಾಕಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ನಿಜ ಹೇಳುತ್ತೇನೆ, ಆ ಕಣ್ಣು ಅವಳಿಗೂ ಬಂದಿತ್ತು. ಸೌಟಿನಿಂದ ಅಜ್ಜನ ಎದೆಗೆ ತಿವಿದಳು.

ಇವರು ಸತ್ತರು.

ಹೇಗೆ ಸತ್ತರೆಂದರೆ, ಒಳ್ಳೆಯ ಅಪ್ಪಂದಿರಿಗೆ ಸಿನಿಮಾದಲ್ಲಿ ಸಾವಿನ ದೃಶ್ಯವೇ ಇರುವುದಿಲ್ಲ. ಅವರು ನೇರವಾಗಿ ಗೋಡೆಯ ಮೇಲೆ ಫೋಟೋ ಆಗಿಬಿಡುತ್ತಾರೆ. ಮೂವತ್ತೆಂಟು ವರ್ಷದ ಆಸೆಯನ್ನೆಲ್ಲ ಇವರು ನಮ್ಮ ನಡುಮನೆಯಲ್ಲಿ ತೀರಿಸಿಕೊಂಡರು. ಕುರ್ಚಿಯಿಂದ ಎದ್ದರು, ತೂರಾಡಿದರು, ಮೇಜು ಹಿಡಿದರು, ಮೇಜು ಬಿಟ್ಟರು, ಎರಡು ಸುತ್ತು ತಿರುಗಿ ಧೊಪ್ಪನೆ ಬಿದ್ದರು. ಸತ್ತವರೆಲ್ಲ ಚಪ್ಪಾಳೆ ತಟ್ಟಿದರು. ಮೆಣಸು ಅಷ್ಟು ದಿನಗಳಲ್ಲಿ ಮೊದಲ ಸಲ ಬಿದ್ದು ಬಿದ್ದು ನಕ್ಕಳು.

ಇವರು ಅಲ್ಲಿಗೇ ಏಳಬೇಕಿತ್ತು. ಏಳಲಿಲ್ಲ. ಚಪ್ಪಾಳೆ ಕೇಳಿದ ನಟ ಎಲ್ಲಿ ಏಳುತ್ತಾನೆ? ಉಸಿರು ಬಿಗಿಹಿಡಿದು, ಬಾಯಿ ಅರ್ಧ ತೆರೆದು, ಕಟ್ಟಿಗೆಯಂತೆ ಬಿದ್ದುಕೊಂಡರು. ಚಪ್ಪಾಳೆ ನಿಂತಿತು. ಮೆಣಸಿನ ನಗುವೂ ನಿಂತಿತು.

“ಅಜ್ಜಾ?”

ಇವರು ಅಲುಗಲಿಲ್ಲ. 

ಸೌಟು ಕೆಳಗೆ ಬಿತ್ತು. ಮಗು ಓಡಿ ಬಂದು ಎರಡೂ ಕೈಗಳಿಂದ ಅವರ ಕೆನ್ನೆ ಹಿಡಿದು ಅಲ್ಲಾಡಿಸಿತು. “ಅಜ್ಜಾ, ಏಳು! ನಾನು ನಿಜವಾಗ್ಲೂ ಮಾಡಿದ್ದಲ್ಲ! ಸುಮ್ನೆ ಆಟಕ್ಕೆ ಕಣ್ಣು ಹಾಗೆ ಮಾಡ್ದೆ! ಅಜ್ಜೀ, ನಾನೇನೂ ಮಾಡಿಲ್ಲ, ಹೇಳಜ್ಜೀ!” ಅಳು ಒತ್ತರಿಸಿ ಬಂದು ಅವಳು ಅವರ ಎದೆಯ ಮೇಲೇ ಮುಖ ಹುದುಗಿಸಿದಳು.

ಇವರ ಮುಚ್ಚಿದ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಅದು ನಟನೆಯಲ್ಲ, ನಲವತ್ತು ವರ್ಷದಲ್ಲಿ ಅಷ್ಟು ಗುರುತಿಸಲು ನಾನು ಕಲಿತಿದ್ದೇನೆ. ತೊಡೆಯ ಕೆಳಗೆ ಬಚ್ಚಿಟ್ಟಿದ್ದ ಆ ಕೈಗಳನ್ನು ಮೆಲ್ಲಗೆ ಎತ್ತಿ ಮಗುವಿನ ಬೆನ್ನ ಮೇಲೆ ಇಟ್ಟರು. ಮಗು ಬೆಚ್ಚಲಿಲ್ಲ.

“ನೀನು ಮಾಡಿಲ್ಲ ಅಂತ ನಂಗೆ ಗೊತ್ತು ಮರೀ” ಎಂದರು. “ನಾನು ನಂಬ್ತೀನಿ.”

ಮೆಣಸು ತಲೆಯೆತ್ತಿ, ಮೂಗು ಸೊರ್ ಎಂದು ಎಳೆದುಕೊಂಡು, ಅವರ ಮುಖವನ್ನು ಹತ್ತಿರದಿಂದ ನೋಡಿದಳು. 

“ನಾನೂ” ಎಂದಳು.

ಬಾಗಿಲ ಹತ್ತಿರ ನನ್ನ ಮಗಳು ಫೋನು ಕಿವಿಗಿಟ್ಟುಕೊಂಡು, ರೂಮು ಬೇಡವೆಂದು ಯಾರಿಗೋ ಹೇಳುತ್ತಿದ್ದಳು. ಸ್ವರ ಒಡೆದಿದ್ದರಿಂದ ಎರಡು ಸಲ ಹೇಳಬೇಕಾಯಿತು.